ಆರು ಇಂಚು ಎಲ್ಲಿ ಹೋಯಿತು?

ನಮ್ಮ ಇಗರ್ಜಿಯ ವ್ಯಾಪ್ತಿಯಲ್ಲಿ ಯಾರಾದರೂ ಮನೆ ಕಟ್ಟಲು ಹೊರಟರೆ ಒಮ್ಮೆ ಗುರುಮನೆಗೆ ಬಂದು ಹೋಗುವುದು ಈಚೆಗೆ ರೂಢಿಯಾಗಿದೆ. ಆಶೀರ್ವಾದಕ್ಕಾಗಿ ಬರುತ್ತಾರೆಂದು ತಿಳಿಯಬೇಡಿ. 'ಫಾದರ್, ನಿಮ್ಮ ಕಂಪ್ಯೂಟರಿನಲ್ಲಿ ಮನೆ ಹೇಗೆ ಕಾಣುತ್ತದೆ ಒಂದು ಸಲ ತೋರಿಸಿ' ಎಂದು ಕೇಳಲು ಬರುತ್ತಾರೆ. ಸೆಮಿನರಿಯಲ್ಲಿ ನಾನು ಕಂಪ್ಯೂಟರ್ ಕಲಿತದ್ದು ಪ್ರವಚನ ಟೈಪು ಮಾಡುವುದಕ್ಕೆ ಮಾತ್ರ. ಮನೆಯ ನಕ್ಷೆ ಬಿಡಿಸುವ ಚಟ ಹತ್ತಿದ್ದು ಆಮೇಲೆ, ಹಳೆಯ ಗುರುಮನೆಯ ದುರಸ್ತಿಗೆ ಕೈಹಾಕಿದಾಗ. ಈ ಚಟದಿಂದ ಒಬ್ಬ ತಾಯಿಗೆ ಆಗಲಿದ್ದ ತೊಂದರೆ ಹೇಗೆ ಕೂದಲೆಳೆಯಲ್ಲಿ ತಪ್ಪಿತು ಎಂಬುದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಎಂಜಿನಿಯರುಗಳು ಬಳಸುವ ಆಟೋಕ್ಯಾಡ್ 1982 ರಿಂದ ಇದೆ. ಅದು ನಮ್ಮಂಥವರಿಗೆ ದುಬಾರಿ, ಕಲಿಯುವುದೂ ಕಷ್ಟ. ನಾನು ಹಿಡಿದುಕೊಂಡದ್ದು ಸ್ವೀಟ್ ಹೋಮ್ ತ್ರೀಡಿ ಎಂಬ ತಂತ್ರಾಂಶವನ್ನು. ಫ್ರಾನ್ಸಿನ ಎಮಾನ್ಯುಯೆಲ್ ಪುಯ್‌ಬಾರೆ ಎಂಬವರು ರೂಪಿಸಿದ್ದು, ಉಚಿತ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಪರದೆ ನಾಲ್ಕು ಭಾಗವಾಗಿರುತ್ತದೆ. ಎಡಗಡೆ ಮೇಲೆ ಸಾಮಾನುಗಳ ಪಟ್ಟಿ, ಕೆಳಗೆ ನಾವು ಆರಿಸಿಕೊಂಡ ಸಾಮಾನು. ಬಲಗಡೆ ಮೇಲೆ ನಕ್ಷೆ, ಅದರ ಕೆಳಗೆ ಅದೇ ಮನೆ ಎದ್ದು ನಿಂತ ಹಾಗೆ. ಮೇಲೆ ಒಂದು ಗೋಡೆ ಎಳೆದರೆ ಕೆಳಗೆ ಗೋಡೆ ಏಳುತ್ತದೆ. ಇದನ್ನು ಮೊದಲ ಸಲ ನೋಡಿದಾಗ ಆಗುವ ಸಂತೋಷವೇ ಅಪಾಯಕಾರಿ. ಮನೆ ಆಗಿಯೇ ಹೋಯಿತು ಎಂಬ ಭ್ರಮೆ ಹುಟ್ಟುತ್ತದೆ.

ಆ ಕುಟುಂಬದ ಮಗ ಗಲ್ಫಿನಿಂದ ಬಂದು ನೆಲೆನಿಂತವನು. ಐದು ಸೆಂಟ್ಸ್ ಜಾಗ, ಬ್ಯಾಂಕಿನ ಸಾಲ, ಬಾಡಿಗೆ ಮನೆಯಲ್ಲಿ ವಾಸ. ತಾಯಿಗೆ ಪಾರ್ಶ್ವವಾಯು ಬಡಿದು ವೀಲ್‌ಚೇರು ಹಿಡಿದು ಎರಡು ವರ್ಷವಾಗಿತ್ತು. ಬಾಡಿಗೆ ಮನೆಯ ಬಚ್ಚಲಿಗೆ ಕುರ್ಚಿ ಹೋಗುತ್ತಿರಲಿಲ್ಲ. ಮಗ, ಸೊಸೆ ಇಬ್ಬರೂ ಸೇರಿ ಎತ್ತಿಕೊಂಡು ಹೋಗಬೇಕು. ಮಗ ಕೆಲಸಕ್ಕೆ ಹೋದ ಮೇಲೆ ಆ ತಾಯಿ ಸಂಜೆಯವರೆಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇದನ್ನು ನನಗೆ ಹೇಳಿದ್ದು ಸೊಸೆ, ಅದೂ ಬಹಳ ಸಂಕೋಚದಿಂದ. 'ಹೊಸ ಮನೆಯಲ್ಲಿ ಬೇರೆ ಏನೂ ಬೇಡ ಫಾದರ್, ಅಮ್ಮ ಕುರ್ಚಿಯಲ್ಲೇ ಬಚ್ಚಲಿಗೆ ಹೋಗಿ ಬರುವ ಹಾಗೆ ಆಗಬೇಕು.'

ವೀಲ್‌ಚೇರು ಪೂರ್ತಿ ಸುತ್ತು ತಿರುಗಲು 150 ಸೆಂಟಿಮೀಟರ್ ವ್ಯಾಸದ ಜಾಗ ಬೇಕು, ಬಾಗಿಲು ತೆರೆದಾಗ 90 ಸೆಂಟಿಮೀಟರ್ ಸಿಗಬೇಕು. ಇಷ್ಟನ್ನು ಓದಿಕೊಂಡು ಕೂತೆ. ಬಚ್ಚಲಿಗೆ 170ಕ್ಕೆ 240 ಎಂದು ಟೈಪು ಮಾಡಿದೆ. ಗೋಡೆ ಎಳೆಯುವಾಗಲೇ ಎಂಟರ್ ಒತ್ತಿ ಉದ್ದವನ್ನು ಅಂಕಿಯಲ್ಲಿ ಕೊಡಬಹುದು, ಕೈ ನಡುಗುವ ಚಿಂತೆಯಿಲ್ಲ. ತಿರುಗಲು 150, ಮೇಲೆ ಇಪ್ಪತ್ತು ಧಾರಾಳ ಎಂದುಕೊಂಡೆ. ಬಣ್ಣ ಬಳಿದೆ, ಟೈಲು ಹಾಸಿದೆ, ಚಿತ್ರ ಮುದ್ರಿಸಿ ಕೊಟ್ಟೆ. ಪಂಚಾಯತಿಗೆ ಕೊಡುವ ನಕ್ಷೆ ಎಂಜಿನಿಯರರದ್ದೇ ಎಂದು ಮೊದಲೇ ಮಾತಾಗಿತ್ತು. ಆದರೆ ಅವರಿಗೆ ಒಳಗಿನ ಅಳತೆಗಳನ್ನು ಕೊಟ್ಟವನು ನಾನು.

ಪಂಚಾಂಗಕ್ಕೆ ಅಗೆಯುವ ಮೊದಲು ಮೇಸ್ತ್ರಿ ಒಂದು ಕೆಲಸ ಮಾಡಿದರು. ಅಂಗಳಕ್ಕೆ ಇಳಿಸಿದ್ದ ಕೆಂಪುಕಲ್ಲುಗಳನ್ನು ನಕ್ಷೆಯ ಬಚ್ಚಲಿನ ಅಳತೆಗೆ, ಗಾರೆಯಿಲ್ಲದೆ ಒಂದು ಸಾಲು ಜೋಡಿಸಿದರು. ಕಮೋಡು ಬರುವ ಕಡೆ ಒಂದು ಕಲ್ಲು ಇಟ್ಟರು. 'ಬಾಯಿಯನ್ನು ಒಮ್ಮೆ ಕರೆದುಕೊಂಡು ಬನ್ನಿ' ಎಂದು ತುಳುವಿನಲ್ಲಿ ಹೇಳಿದರು. ಸೊಸೆ ಕುರ್ಚಿ ತಳ್ಳಿಕೊಂಡು ಬಂದರು. ತಿರುಗಿಸುವಾಗ ಕಾಲಿಡುವ ಪಟ್ಟಿ ಕಲ್ಲಿಗೆ ಬಡಿಯಿತು. ಇನ್ನೊಂದು ಸಲ, ಮತ್ತೆ ಬಡಿಯಿತು. ಮೇಸ್ತ್ರಿ ಟೇಪು ಹಿಡಿದು ನೋಡಿ, 'ಒಳಗೆ 150 ಇದೆ ಫಾದರ್, ಇದರ ಮೇಲೆ ಗಾರೆ ಬೇರೆ ಬರಲಿದೆ' ಎಂದರು.

ಆ ತಾಯಿ ನನ್ನ ಮುಖ ನೋಡಿ ನಕ್ಕರು. 'ನಿಮ್ಮ ಕಂಪ್ಯೂಟರಿನ ಮನೆಯಲ್ಲಿ ನಾನು ಕೂತಿರಲಿಲ್ಲ ಅಲ್ಲವಾ ಫಾದರ್?'

ರಾತ್ರಿ ಕೂತು ಹುಡುಕಿದೆ. ತಪ್ಪು ತಂತ್ರಾಂಶದ್ದಲ್ಲ, ನನ್ನದು, ಅದೂ ಒಂದಲ್ಲ ಎರಡು. ಈ ತಂತ್ರಾಂಶದಲ್ಲಿ ಗೋಡೆಯ ಉದ್ದ ಎಂದರೆ ಗೋಡೆಯ ನಡುವಿನ ಗೆರೆಯ ಉದ್ದ. ನಾನು ಟೈಪು ಮಾಡಿದ 170 ಒಳ ಅಳತೆಯಲ್ಲ, ಒಂದು ಗೋಡೆಯ ನಡುವಿನಿಂದ ಇನ್ನೊಂದು ಗೋಡೆಯ ನಡುವಿಗೆ. ಎರಡನೆಯದಾಗಿ, ನಾವು ಬದಲಾಯಿಸದಿದ್ದರೆ ಅದು ಗೋಡೆಯ ದಪ್ಪವನ್ನು 7.5 ಸೆಂಟಿಮೀಟರ್ ಎಂದು ಇಟ್ಟುಕೊಳ್ಳುತ್ತದೆ. ಮೂರು ಇಂಚಿನ ಗೋಡೆ! ಹಲಗೆಯ ಅಡ್ಡಗೋಡೆ ಹಾಕುವ ದೇಶದಲ್ಲಿ ಸರಿ ಇರಬಹುದು. ನಮ್ಮ ಕೆಂಪುಕಲ್ಲು 20, ಎರಡೂ ಕಡೆ ಗಾರೆ ಸೇರಿ 23. ಪರದೆಯಲ್ಲಿ ಒಳಗೆ 162.5 ಕಾಣುತ್ತಿದ್ದ ಬಚ್ಚಲು ನಿಜದಲ್ಲಿ 147 ಆಗುತ್ತಿತ್ತು. ಆರು ಇಂಚು ಹೋದದ್ದು ಅಲ್ಲಿ.

ಎಲ್ಲ ಗೋಡೆಗಳನ್ನು ಒಟ್ಟಿಗೆ ಆರಿಸಿ ದಪ್ಪ 23 ಎಂದು ಬದಲಿಸಿದೆ. ಗೋಡೆ ಎರಡೂ ಕಡೆಗೆ ಸಮನಾಗಿ ಊದಿಕೊಂಡಿತು. ಆದರೆ ಕೋಣೆಯ ವಿಸ್ತೀರ್ಣದ ಅಂಕಿ ಹಾಗೆಯೇ ಇತ್ತು! ಇದು ಮೂರನೆಯ ಪಾಠ. ಕೋಣೆ ಎಂದು ಗುರುತು ಮಾಡಿದ ಜಾಗ ಗೋಡೆಯ ಹಿಂದೆ ತಾನಾಗಿ ಹೋಗುವುದಿಲ್ಲ, ಅಳತೆಯ ಗೆರೆಗಳೂ ಅಷ್ಟೆ. ಕೋಣೆಯನ್ನು ಅಳಿಸಿ, ಗೋಡೆಗಳ ನಡುವೆ ಮತ್ತೆ ಎರಡು ಸಲ ಕ್ಲಿಕ್ ಮಾಡಿದಾಗ 3.78 ಚದರ ಮೀಟರ್ ಇದ್ದದ್ದು 3.19 ಎಂದು ತೋರಿಸಿತು. ಹೀಗೆ ಕ್ಲಿಕ್ ಮಾಡಿದರೂ ಕೋಣೆ ಮೂಡದಿದ್ದರೆ ಎಲ್ಲೋ ಒಂದು ಮೂಲೆಯಲ್ಲಿ ಗೋಡೆ ಕೂಡಿಲ್ಲವೆಂದು ಅರ್ಥ. ದೊಡ್ಡದು ಮಾಡಿ ನೋಡಿ, ಕೂದಲಿನಷ್ಟು ಸಂದು ಕಾಣುತ್ತದೆ. ಒಂದು ಗೋಡೆಯ ತುದಿ ಹಿಡಿದು ಇನ್ನೊಂದಕ್ಕೆ ಎಳೆದು ಮುಟ್ಟಿಸಿದರೆ ಸಾಕು.

ಬಾಗಿಲಿನಲ್ಲೂ ಎಡವಿದ್ದೆ. ಪಟ್ಟಿಯಿಂದ ತೆಗೆದಿಟ್ಟ ಬಾಗಿಲಿಗೆ 90 ಎಂದು ಕೊಟ್ಟಿದ್ದೆ. ಅದು ದಾರಂದ ಸೇರಿದ ಅಗಲ. ನಮ್ಮ ಮರದ ದಾರಂದ ಒಂದೊಂದು ಕಡೆ ಮೂರು ಇಂಚು ತಿಂದರೆ ಉಳಿಯುವುದು 75. ಕುರ್ಚಿ ದಾಟೀತು, ಚಕ್ರ ತಿರುಗಿಸುವ ಬೆರಳಿನ ಗಂಟುಗಳು ತರಚಿಕೊಂಡೇ ದಾಟಬೇಕು. 105 ಮಾಡಿದೆ. ಬಾಗಿಲು ಬಚ್ಚಲಿನ ಒಳಕ್ಕೆ ತೆರೆಯುತ್ತಿದ್ದುದನ್ನು ಹೊರಕ್ಕೆ ತಿರುಗಿಸಿದೆ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ದೇಹವೇ ತಡೆಯುತ್ತದೆ. ಇದನ್ನು ಯಾವ ತಂತ್ರಾಂಶವೂ ಎಚ್ಚರಿಸುವುದಿಲ್ಲ.

ಅಂದಿನಿಂದ ನಾನು ಮೊದಲು ಮನುಷ್ಯರನ್ನು, ಅವರ ಸಾಮಾನನ್ನು ಇಡುತ್ತೇನೆ, ಗೋಡೆ ಆಮೇಲೆ. ಸಾಮಾನಿನ ಪಟ್ಟಿಯಲ್ಲಿ ಪೆಟ್ಟಿಗೆ, ಸಿಲಿಂಡರ್ ಎಂಬ ಸರಳ ಆಕಾರಗಳಿವೆ. 150 ವ್ಯಾಸದ ಚಪ್ಪಟೆ ಸಿಲಿಂಡರನ್ನು ವೀಲ್‌ಚೇರು ತಿರುಗಬೇಕಾದಲ್ಲೆಲ್ಲ ಉರುಳಿಸಿ ನೋಡಬಹುದು. ಪಟ್ಟಿಯಲ್ಲಿರುವ ಮಂಚ, ಕಪಾಟುಗಳು ಅವರ ಊರಿನವು. ನಿಮ್ಮ ಮನೆಯ ಮಂಚವನ್ನು ಟೇಪಿನಲ್ಲಿ ಅಳೆದು ಅಂಕಿ ಬದಲಿಸಿ. 'ಕೀಪ್ ಪ್ರಪೋರ್ಷನ್ಸ್' ಎಂಬ ಕಡೆಯ ಗುರುತು ತೆಗೆಯದಿದ್ದರೆ ಅಗಲ ಹೆಚ್ಚಿಸಿದಾಗ ಎತ್ತರವೂ ಹೆಚ್ಚಿ ಮಂಚ ಗೋಪುರವಾಗುತ್ತದೆ. ಕಡೆಯುವ ಕಲ್ಲು ಅವರ ಪಟ್ಟಿಯಲ್ಲಿ ಇಲ್ಲ. ಅದಕ್ಕೊಂದು ಪೆಟ್ಟಿಗೆ ಇಡಿ. ಇಲ್ಲದಿದ್ದರೆ ಒಕ್ಕಲಾದ ಮೇಲೆ ಅದು ಹಿಂಬಾಗಿಲಿಗೆ ಅಡ್ಡ ಕೂರುತ್ತದೆ.

ಎಂಜಿನಿಯರರ ಕಾಗದದ ನಕ್ಷೆ ಇದ್ದರೆ ಅದರ ಫೋಟೋ ತೆಗೆದು ಹಿನ್ನೆಲೆಗೆ ಹಾಕಿ ಅದರ ಮೇಲೆಯೇ ಗೋಡೆ ಎಳೆಯಬಹುದು. ಅಳತೆ ಗೊತ್ತಿರುವ ಒಂದು ಗೆರೆಯನ್ನು ತೋರಿಸಿ ಅದರ ಉದ್ದ ಹೇಳಬೇಕು. ಚಿಕ್ಕ ಗೆರೆ ತೋರಿಸಿದರೆ ತಪ್ಪು ದೊಡ್ಡದಾಗುತ್ತದೆ, ಆದ್ದರಿಂದ ನಕ್ಷೆಯಲ್ಲಿರುವ ಅತಿ ಉದ್ದದ ಗೋಡೆಯನ್ನೇ ತೋರಿಸಿ. ಫೋಟೋ ಓರೆಯಾಗಿದ್ದರೆ ಏನು ಮಾಡಿದರೂ ಪ್ರಯೋಜನವಿಲ್ಲ, ಸ್ಕ್ಯಾನ್ ಮಾಡಿಸಿ. ಮುದ್ರಿಸುವಾಗ ಪೇಜ್ ಸೆಟಪ್‌ನಲ್ಲಿ 1/100 ಎಂದು ಕೊಟ್ಟರೂ ಪ್ರಿಂಟರ್ ತನ್ನ ಕಾಗದಕ್ಕೆ ಹೊಂದಿಸಿ ಕುಗ್ಗಿಸಿಬಿಡುವುದುಂಟು. ಮೂರು ಮೀಟರ್ ಗೋಡೆ ಕಾಗದದ ಮೇಲೆ ಮೂರು ಸೆಂಟಿಮೀಟರ್ ಇದೆಯೇ ಎಂದು ಅಡಿಪಟ್ಟಿ ಇಟ್ಟು ನೋಡಿದ ಮೇಲೆಯೇ ಮೇಸ್ತ್ರಿಯ ಕೈಗೆ ಕೊಡಿ. ತ್ರೀಡಿ ಭಾಗ ಕಪ್ಪಾಗಿಯೇ ಉಳಿದರೆ ಗಾಬರಿ ಬೇಡ, ಬಹುತೇಕ ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿರುತ್ತದೆ. ಕರೆಂಟಿನ ವಿಷಯ ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ದಿನಕ್ಕೊಂದು ಹೆಸರಿನಲ್ಲಿ ಕಡತ ಉಳಿಸಿ.

ಈಗ ಬಚ್ಚಲಿಗೆ ಬೇಕಾದ ಜಾಗ ಎಲ್ಲಿಂದ ತರುವುದು? ನಡು ಅಳತೆ 185 ಆದರೆ ಒಳಗೆ 162 ಸಿಗುತ್ತದೆ. ಆ 15 ಸೆಂಟಿಮೀಟರ್ ಅಡುಗೆ ಕೋಣೆಯಿಂದ ಬರಬೇಕು, ಇಲ್ಲವೇ ಮಗ ಸೊಸೆಯರ ಕೋಣೆಯಿಂದ. ಮನೆಯನ್ನೇ ಉದ್ದ ಮಾಡಲು ಸಾಲ ಒಪ್ಪುವುದಿಲ್ಲ. 'ನನಗಾಗಿ ಯಾರ ಜಾಗವನ್ನೂ ಕಡಿಯಬೇಡಿ' ಎಂದು ತಾಯಿ ಪಟ್ಟು ಹಿಡಿದರು. ಸೊಸೆ ನನ್ನ ಪಕ್ಕದಲ್ಲೇ ಕೂತು ಪರದೆಯಲ್ಲಿ ತಮ್ಮ ಕೋಣೆಯ ಗೋಡೆಯನ್ನು ತಾವೇ ಎಳೆದರು. ಮಂಚ ಒಂದು ಕಡೆ ಗೋಡೆಗೆ ತಾಗಿತು. 'ತಾಗಲಿ, ಮಗು ಬೀಳುವುದಿಲ್ಲ' ಎಂದರು. ಅವರಿಗೆ ಮಗುವಿರಲಿಲ್ಲ. ಮಗ ಕಿಟಿಕಿಯ ಹೊರಗೆ ನೋಡುತ್ತಿದ್ದ. ನಾನು ಕಡತ ಉಳಿಸಿದೆ.

ತಂತ್ರಾಂಶದಲ್ಲಿ ದಿಕ್ಸೂಚಿಯೂ ಇದೆ. ಉತ್ತರ ಎತ್ತ, ಊರು ಯಾವುದು ಎಂದು ಕೊಟ್ಟರೆ, ಕಾಸರಗೋಡಿಗೆ ಅಕ್ಷಾಂಶ 12.5 ಡಿಗ್ರಿ, ಯಾವ ತಿಂಗಳು ಎಷ್ಟು ಗಂಟೆಗೆ ಬಿಸಿಲು ಎಲ್ಲಿ ಬೀಳುತ್ತದೆಂದು ಚಿತ್ರ ತೆಗೆದು ತೋರಿಸುತ್ತದೆ. ಬಿಸಿಲು ಗೊತ್ತು, ಮಳೆ ಗೊತ್ತಿಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಪಡುವಣದ ಕಿಟಿಕಿ ಎಂದರೆ ಜೂನ್ ತಿಂಗಳಲ್ಲಿ ಹಾಸಿಗೆ ಒದ್ದೆ. ಅದಕ್ಕಾಗಿ ಆ ತಾಯಿಯ ಕೋಣೆಯ ಪಡುವಣ ಕಿಟಿಕಿಯನ್ನು ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಏರಿಸಿದೆ. ಇದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮನೆ ಒಕ್ಕಲಿನ ದಿನ ಜೇಬಿನಲ್ಲಿ ಟೇಪು ಇಟ್ಟುಕೊಂಡೇ ಹೋದೆ. ಪ್ರಾರ್ಥನೆ ಮುಗಿದು ಜನ ಊಟಕ್ಕೆ ಎದ್ದಾಗ ಬಚ್ಚಲಿಗೆ ಹೋಗಿ ಅಳೆದೆ. 161. ಒಂದು ಸೆಂಟಿಮೀಟರ್ ಗಾರೆ ತಿಂದಿತ್ತು. ಹಿಂದೆಯೇ ಬಂದ ಆ ತಾಯಿ ಒಳಗೆ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ ತೋರಿಸಿದರು. ಎಲ್ಲಿಯೂ ತಾಗಲಿಲ್ಲ. ಬಳಿಕ ತಮ್ಮ ಕೋಣೆಗೆ ಕರೆದುಕೊಂಡು ಹೋದರು.

'ಎಲ್ಲ ಚೆನ್ನಾಗಿದೆ ಫಾದರ್. ಈ ಕಿಟಿಕಿ ಮಾತ್ರ ಮೇಲಾಯಿತು. ಕೂತರೆ ರಸ್ತೆ ಕಾಣುವುದಿಲ್ಲ. ಆಕಾಶ ಕಾಣುತ್ತದೆ.'

ಮನೆಯೊಳಗೆ ನಡೆದಾಡಿ ನೋಡುವ ವ್ಯವಸ್ಥೆ ಆ ತಂತ್ರಾಂಶದಲ್ಲಿದೆ. ನೋಡುವವರ ಕಣ್ಣಿನ ಎತ್ತರವನ್ನೂ ನಾವೇ ಕೊಡಬಹುದು. ನಾನು ಆ ಮನೆಯಲ್ಲಿ ಹತ್ತಾರು ಸಲ ಓಡಾಡಿದ್ದೆ, ಪ್ರತಿ ಸಲವೂ ನಿಂತವರ ಎತ್ತರದಲ್ಲೇ. ಗುರುಮನೆಗೆ ಬಂದು ಕಡತ ತೆರೆದು ಕಣ್ಣಿನ ಎತ್ತರ 110 ಎಂದು ಕೊಟ್ಟೆ. ಅವರು ಹೇಳಿದಂತೆಯೇ ಇತ್ತು. ಮಳೆಗಾಲ ಕಳೆದ ಮೇಲೆ ಕಿಟಿಕಿಯ ಕೆಳಗಿನ ಎರಡು ಸಾಲು ಕಲ್ಲು ತೆಗೆದು ಮೇಲೆ ಉದ್ದದ ಮಾಡು ಇಳಿಬಿಡಬಹುದೆಂದು ಮೇಸ್ತ್ರಿ ಹೇಳಿದ್ದಾರೆ. ಅದಕ್ಕೆ ಎಷ್ಟು ಖರ್ಚು ಎಂದು ಮಗ ಇನ್ನೂ ಲೆಕ್ಕ ಹಾಕುತ್ತಿದ್ದಾನೆ.