ಕಂಬದ ಓಲೆಗೆ ಯಾವ ರೆಸಿನ್?

ಮರದ ಒಡವೆಗೆ ಯಾವ ರೆಸಿನ್ ಒಳ್ಳೇದು ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ, ಹಾಕಿಕೊಳ್ಳೋರು ಯಾರು ಅಂತ ನಾನು ತಿರುಗಿ ಕೇಳ್ತೀನಿ. ರಿಕ್ವೈರ್‌ಮೆಂಟ್ ನೋಡದೆ ಟೂಲ್ ಆರಿಸೋ ಚಾಳಿ ನಮ್ಮ ಕಸುಬಿನಲ್ಲಿ ಬೇಕಾದಷ್ಟಿದೆ. ಇಲ್ಲಿಗೂ ಅದು ಬೇಡ.

ನನ್ನ ಹತ್ತಿರ ಇರೋದು ಒಂದು ಮೊಳ ಮರ ಅಷ್ಟೇ. ಊರಿನ ಹಳೇ ಮನೆ ಕೆಡವಿ ತಾರಸಿ ಹಾಕಿಸಿದಾಗ ಉಳಿದ, ಜಗಲಿಯ ಹಲಸಿನ ಕಂಬದ ತುಂಡು. ಅದರಲ್ಲೇ ಅಮ್ಮನಿಗೆ ಓಲೆ, ಅಕ್ಕನಿಗೆ ಪದಕ, ಅಕ್ಕನ ಎರಡು ವರ್ಷದ ಮಗಳಿಗೆ ಬಳೆ ಆಗಬೇಕು. "ಎಂಥ ಮಾರಾಯ, ಕಂಬನ ಕಿವಿಗೆ ಹಾಕ್ಕಳದಾ?" ಅಂತ ಅಮ್ಮ ನಕ್ಕಳು. ಬೇಡ ಅನ್ನಲಿಲ್ಲ.

ಬೇಗ ಕೆಲಸ ಮುಗಿಯೋದು ಯುವಿ ರೆಸಿನ್‌ನಲ್ಲಿ. ಲ್ಯಾಂಪ್ ಕೆಳಗೆ ನಿಮಿಷಗಳಲ್ಲಿ ಗಟ್ಟಿ. ಆದರೆ ಬೆಳಕು ಬಿದ್ದಲ್ಲಿ ಮಾತ್ರ. ಮರದ ರಂಧ್ರಕ್ಕೆ ಇಳಿದದ್ದು ಹಸಿಯಾಗೇ ಉಳಿಯಬಹುದು. ಹಸಿ ರೆಸಿನ್ ಚರ್ಮಕ್ಕೆ ತಾಗಿ ಅಲರ್ಜಿ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡಲ್ಲ. ಪಾಲಿಯೆಸ್ಟರ್ ಅಗ್ಗ, ಸರಿ. ಅದರ ಸ್ಟೈರೀನ್ ವಾಸನೆ ಒನ್ ಬಿಎಚ್‌ಕೆ ಮನೆಗಲ್ಲ.

ಅಕ್ಕ ಸೆಂಟಿಲ್ಲದೆ ಹೊಸಿಲು ದಾಟಲ್ಲ. ಸೆಂಟಿನ ಸ್ಪಿರಿಟ್‌ಗೆ ಅರಗು ಕರಗುತ್ತೆ, ಹಾಗಾಗಿ ಪದಕಕ್ಕೆ ಎಪಾಕ್ಸಿ. ಬಿಸಿಲಿಗೆ ಎಪಾಕ್ಸಿ ಹಳದಿಯಾಗುತ್ತೆ ಅಂತ ಎಲ್ಲರೂ ಹೆದರಿಸ್ತಾರೆ. ಬಿಳಿ ಮರಕ್ಕಾದರೆ ಒಪ್ಪಬೇಕಾದ ಮಾತೇ. ಹಲಸೇ ಹಳದಿ, ಹಳೇದಾದಂತೆ ಕಂದು. ಅದರ ಮೇಲೆ ಯಾರ ಕಣ್ಣಿಗೆ ಬೀಳುತ್ತೆ? ಬಾಟ್ಲಿ ಮೇಲೆ 2:1 ಅಂತಿದ್ದರೆ ಅದು ಅಳತೆಯೋ ತೂಕವೋ ನೋಡಿಕೊಳ್ಳಿ, ಎರಡೂ ಒಂದೇ ಅಲ್ಲ. ಹಾರ್ಡ್‌ನರ್ ಜಾಸ್ತಿ ಸುರಿದರೆ ಬೇಗ ಗಟ್ಟಿಯಾಗಲ್ಲ, ಅಂಟಂಟಾಗಿ ಕೂರುತ್ತೆ. ಪದಕಕ್ಕೆ ಕಲಸೋದೇ 10 ಮಿಲಿ, ಅದರಲ್ಲಿ ಅರ್ಧ ಮಿಲಿ ಹೆಚ್ಚುಕಮ್ಮಿಯಾದರೂ ದೊಡ್ಡದೇ. ಮೊದಲು ಬ್ರಷ್ಷಿನಲ್ಲಿ ತೆಳ್ಳಗೆ ಒಂದು ಕೋಟ್ ಕೊಟ್ಟರೆ ರಂಧ್ರಗಳು ಮುಚ್ಚಿ ಗುಳ್ಳೆ ಕಮ್ಮಿಯಾಗುತ್ತೆ. ಕೈಗೆ ನೈಟ್ರೈಲ್ ಗ್ಲೌಸ್, ಕಿಟಕಿ ತೆರೆದಿರಲಿ. ಮುಟ್ಟಿದರೆ ಗಟ್ಟಿ ಅನ್ನಿಸಿದರೂ ಒಂದು ವಾರ ಬಿಟ್ಟೇ ಕೊಡಿ.

ಮಗು ಬಳೆನ ಮೊದಲು ಬಾಯಿಗೇ ಹಾಕೋದು. ಅದಕ್ಕೆ ಅರಗು. ಅರಗೂ ಒಂದು ರೆಸಿನ್ನೇ, ಕೀಟ ಸುರಿಸಿದ್ದು. ಮಿಠಾಯಿ, ಮಾತ್ರೆಗಳ ಹೊಳಪಿಗೂ ಬಳಸ್ತಾರೆ. ಚನ್ನಪಟ್ಟಣದವರು ಲೇತಿನಲ್ಲಿ ತಿರುಗೋ ಹಾಲೆಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಕರಗಿಸಿ ಹತ್ತಿಸ್ತಾರೆ. ನನ್ನ ಹತ್ತಿರ ಲೇತಿಲ್ಲ. ಅರಗಿನ ಚೂರನ್ನ ಸ್ಪಿರಿಟ್‌ನಲ್ಲಿ ಕರಗಿಸಿ, ಬಣ್ಣ ಸೇರಿಸದೆ, ಬಟ್ಟೆಯಲ್ಲಿ ಪದರ ಪದರವಾಗಿ ಒರೆಸಿದೆ.

ಅಮ್ಮನ ಓಲೆ ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಅಡಿಕೆ ಅಂಗಳದ ಬಿಸಿಲು, ಬೆವರು, ಕೊಬ್ಬರಿ ಎಣ್ಣೆ, ಎಲ್ಲದಕ್ಕೂ ಎಪಾಕ್ಸಿಯೇ ಸರಿ ಅಂತ ತೀರ್ಮಾನಿಸಿದ್ದೆ. ಆದರೆ ಅಪ್ಪ ಇದ್ದಷ್ಟು ದಿನ ಸಂಜೆ ಆ ಕಂಬಕ್ಕೇ ಒರಗಿ ಕೂರ್ತಿದ್ದರು. ಬೆನ್ನಿನ ಎಣ್ಣೆ, ಬೆವರು ತಾಗಿ ತಾಗಿ ಆ ಮಗ್ಗುಲು ಕನ್ನಡಿ ಹಾಗಾಗಿದೆ. ಎಣ್ಣೆ ಕೂತ ಮರಕ್ಕೆ ರೆಸಿನ್ ಸರಿಯಾಗಿ ಹಿಡಿಯಲ್ಲ, ಉಪ್ಪುಕಾಗದದಲ್ಲಿ ಉಜ್ಜಿ ತೆಗೀಲೇಬೇಕು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಉಜ್ಜಬ್ಯಾಡ" ಅಂದಳು.

ಆ ಮಗ್ಗುಲಿಂದಲೇ ಓಲೆ ಕೊಯ್ದಿದ್ದೀನಿ. ಒಂದೇ ಕಡೆ ಮುಚ್ಚಿದ ತೆಳು ಮರ ತೇವಕ್ಕೆ ಬಗ್ಗಬಹುದು, ಅದಕ್ಕೇ ಆರು ಮಿಲಿಮೀಟರ್ ದಪ್ಪ ಇಟ್ಟೆ. ಅಂಚಿಗೆ, ಹಿಂಬದಿಗೆ ಎಪಾಕ್ಸಿ. ಎದುರಿಗೆ ಏನೂ ಇಲ್ಲ. "ನೀರು ತಾಗಿದರೆ ಹಾಳಾಗುತ್ತಮ್ಮ" ಅಂದರೆ, "ಮೀಯಕ್ಕಾದರೆ ತೆಗೆದಿಟ್ಟರಾತು ಬಿಡು" ಅಂತಾಳೆ.