ಮಾಕಳಿಯ ಅಂಗಡಿಯೂ ತಂಗಿಯ ಲೆಕ್ಕದ ಪುಸ್ತಕವೂ

ಸಿದ್ಧಗಂಗೆಯ ದರ್ಶನಕ್ಕೆಂದು ತುಮಕೂರು ಹೆದ್ದಾರಿಯಲ್ಲಿ ಅದೆಷ್ಟೋ ಬಾರಿ ಸಂಚರಿಸಿದ್ದರೂ ನಾವು ಮಾಕಳಿಯಲ್ಲಿ ಇಳಿದದ್ದು ವಿರಳ. ಈ ಸಲ ತಂಗಿಯ ಮನೆಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಮುಂದುವರಿಯುವುದೆಂದು ನಿಶ್ಚಯಿಸಿದೆವು. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ನಾಗಸಂದ್ರದಿಂದ ಮಾದಾವರದವರೆಗೆ ವಿಸ್ತರಿಸಿದ ಮೇಲೆ ಈ ಪ್ರಯಾಣ ಸುಗಮವಾಗಿದೆ. ಮಾದಾವರದಲ್ಲಿ ಇಳಿದು ಬಸ್ಸು ಹಿಡಿದರೆ ಮಾಕಳಿ ದೂರವೇನಲ್ಲ.

ಪೀಣ್ಯದಿಂದ ನೆಲಮಂಗಲದವರೆಗೆ ಹೆದ್ದಾರಿಯ ಎರಡೂ ಬದಿ ಕಾರ್ಖಾನೆಗಳು, ಉಗ್ರಾಣಗಳು, ಲೇತ್ ಯಂತ್ರಗಳ ಶೆಡ್ಡುಗಳು. ಹಿಮಾಲಯ ಔಷಧ ಕಂಪನಿಯ ನೆಲೆ ಮಾಕಳಿಯಲ್ಲಿಯೇ ಇದೆ. ದುಡಿಯಲು ಬಂದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದಾರೆ, ಬಿಹಾರ, ಒಡಿಶಾಗಳವರೂ ಇದ್ದಾರೆ. ಇವರೆಲ್ಲರ ದಿನಬಳಕೆಗೆ ಒದಗುವುದು ಓಣಿಯ ಸಣ್ಣ ಅಂಗಡಿಗಳು. ತಂಗಿ ಮತ್ತು ಭಾವನವರ ಅಂಗಡಿಯೂ ಅಂಥದೇ: ಹಾಲು, ತರಕಾರಿ, ಬಿಸ್ಕತ್ತು, ಸಾಬೂನು. 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕು, ಅದು ಅಲ್ಲಿದೆ. ಆದರೆ ಸಗಟು ವ್ಯಾಪಾರಿಯ ಬಿಲ್ಲು, ಬ್ಯಾಂಕಿನ ವಿವರಪಟ್ಟಿ, ತೆರಿಗೆಯ ನಮೂನೆ ಎಲ್ಲವೂ ಇಂಗ್ಲಿಷಿನಲ್ಲಿ. ಫಲಕ ಕನ್ನಡವಾದರೂ ಲೆಕ್ಕ ಪರಭಾಷೆಯದಾಗಿತ್ತು.

ರಾತ್ರಿ ಊಟವಾದ ಮೇಲೆ ತಂಗಿ ಉದ್ದನೆಯ ನೋಟುಪುಸ್ತಕವೊಂದನ್ನು ತಂದಿಟ್ಟಳು. ಅದರ ಹಿಂದೊಂದು ಕಥೆಯಿದೆ.

2025ರ ಜುಲೈ ತಿಂಗಳಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದು ಓದುಗರಿಗೆ ನೆನಪಿರಬಹುದು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಒದಗಿಸುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಅಗತ್ಯ. ಅನೇಕ ಅಂಗಡಿಗಳಲ್ಲಿ ಸಂಕೇತದ ಚೀಟಿ ಕಿತ್ತು, ನಗದು ಮಾತ್ರವೆಂದು ಬರೆದು ಹಾಕಿದರು. ಅದೇ ತಿಂಗಳು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂಬ ಭರವಸೆ ನೀಡಿದರು.

ಭಾವನವರಿಗೆ ನೋಟಿಸು ಬಂದಿರಲಿಲ್ಲ. ಭಯ ಮಾತ್ರ ಬಂದಿತ್ತು. "ಅಣ್ಣ, ಮೂರು ರಾತ್ರಿ ಇವರು ಮಲಗಲಿಲ್ಲ. ಅಂಗಡಿ ಮುಚ್ಚಿ ಊರಿಗೆ ಹೋಗೋಣ ಅಂದರು" ಎಂದಳು ತಂಗಿ. ಅಷ್ಟು ವರ್ಷ ಅವರು ಇಂಗ್ಲಿಷಿನ ಕಾಗದಗಳಿಗೆ ಓದದೆಯೇ ಸಹಿ ಹಾಕಿದ್ದರು. ತಮ್ಮ ವ್ಯಾಪಾರ ಎಷ್ಟೆಂಬುದು ಅವರಿಗೇ ತಿಳಿದಿರಲಿಲ್ಲ. ಆದರೆ ತಂಗಿ ಮೊದಲಿನಿಂದಲೂ ದಿನದ ಲೆಕ್ಕವನ್ನು ಕನ್ನಡದಲ್ಲಿ ಬರೆದಿಡುತ್ತಿದ್ದಳು.

ಒಂದು ದಿನದ ಪುಟವನ್ನು ನಾವು ನೋಡಿದೆವು. ಫೋನಿಗೆ ಬಂದ ಹಣ 11,400 ರೂಪಾಯಿ. ಅದರಲ್ಲಿ ಹಾಲು 3,200, ತರಕಾರಿ 2,900, ಇತರ ಸರಕು 3,300. ಉಳಿದ 2,000 ವ್ಯಾಪಾರವೇ ಅಲ್ಲ. ಕಾರ್ಮಿಕನೊಬ್ಬ ಫೋನಿಗೆ ಹಣ ಹಾಕಿ ನೋಟು ಪಡೆದುಕೊಂಡಿದ್ದ. ನಗದು ವ್ಯಾಪಾರ 900. ದಿನವೂ ಹೀಗೆಯೇ ಎಂದು ಎಣಿಸಿದರೆ ಫೋನಿನ ಜಮೆ ವರ್ಷಕ್ಕೆ ಸುಮಾರು 41.6 ಲಕ್ಷ; ಹೊರಗಿನಿಂದ ನೋಡುವವರಿಗೆ ಮಿತಿ ಮೀರಿದ ಅಂಗಡಿ. ನಗದು ಸೇರಿಸಿಯೂ ನಿಜವಾದ ಮಾರಾಟ ಸುಮಾರು 37.6 ಲಕ್ಷ. ಈ ಅಂತರವನ್ನು ಸಾಕ್ಷಿಸಹಿತ ಹೇಳಬಲ್ಲದ್ದು ಆ ಪುಸ್ತಕವೊಂದೇ.

ಇನ್ನೊಂದು ಸೂಕ್ಷ್ಮವೂ ಉಂಟು. ಹಾಲಿಗೂ ತಾಜಾ ತರಕಾರಿಗೂ ಜಿಎಸ್‌ಟಿ ಇಲ್ಲ. ಕೇವಲ ಅವನ್ನೇ ಮಾರುವವರಿಗೆ ನೋಂದಣಿಯೂ ಬೇಡ. ಆದರೆ ಬಿಸ್ಕತ್ತು, ಸಾಬೂನನ್ನೂ ಮಾರುವವರು 40 ಲಕ್ಷದ ಮಿತಿಯನ್ನು ಎಣಿಸುವಾಗ ಹಾಲು ತರಕಾರಿಗಳನ್ನೂ ಸೇರಿಸಬೇಕು. ತೆರಿಗೆ ಮಾತ್ರ ತೆರಿಗೆಯುಳ್ಳ ಸರಕಿಗೆ. ಆದುದರಿಂದ ಸರಕುಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯದಿದ್ದರೆ ನಷ್ಟ ನಮಗೇ. ನೋಂದಣಿ ಪಡೆದವರು ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳ ಕಾಲ ಲೆಕ್ಕಪುಸ್ತಕಗಳನ್ನು ಜೋಪಾನ ಮಾಡಬೇಕು.

ಈಗ ತಿಂಗಳ ಕೊನೆಗೆ ತಂಗಿ ಪುಸ್ತಕವನ್ನು ಲೆಕ್ಕ ಬರೆಯುವವರ ಬಳಿ ಒಯ್ಯುತ್ತಾಳೆ. ಪ್ರತಿ ಸಾಲಿನ ಎದುರು ಇಂಗ್ಲಿಷ್ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ: ಖರೀದಿ ಎಂದರೆ ಪರ್ಚೇಸ್, ಮಾರಾಟ ಎಂದರೆ ಸೇಲ್ಸ್, ಕೈಗಡ ಎಂದರೆ ಲೋನ್. ಅವರು ತುಂಬಿದ ನಮೂನೆಯನ್ನು ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಭಾವನವರ ಸಹಿ. ವ್ಯಾಪಾರ ಬೆಳೆದು ಮಿತಿ ಸಮೀಪಿಸಿದರೆ ತಾವಾಗಿಯೇ ನೋಂದಣಿ ಮಾಡಿಸುವುದೆಂದು ಇಬ್ಬರೂ ನಿಶ್ಚಯಿಸಿದ್ದಾರೆ.

ಕನ್ನಡದಲ್ಲಿ ಲೆಕ್ಕ ಬರೆಯುವುದು ನಮ್ಮ ನಾಡಿಗೆ ಹೊಸದಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಮಡಿಕೆ ಮಡಿಕೆಯಾಗಿ ಮಾಡಿದ ಕಡತಗಳಲ್ಲಿ ನಮ್ಮ ವರ್ತಕರೂ ಮಠಗಳೂ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಕಚೇರಿಯ ಕಾಗದಗಳಿಗೆ ಇಂದಿಗೂ ಕಡತವೆಂಬ ಹೆಸರೇ ಉಳಿದಿದೆ. ದೀಪಾವಳಿಯ ಪಾಡ್ಯದಂದು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುವ ವರ್ತಕ ಮನೆಗಳು ಇಂದಿಗೂ ಇವೆ. ಪೂಜಿಸಿದ ಪುಸ್ತಕವನ್ನು ಮರುದಿನದಿಂದ ಬರೆಯುವವರೆಷ್ಟು ಮಂದಿ ಎಂಬುದೇ ಪ್ರಶ್ನೆ.

ಪತಿ ಆಯ್ದು ತಂದ ಅಕ್ಕಿ ನಿತ್ಯದ ಅಳತೆಗಿಂತ ಹೆಚ್ಚೆಂದು ಕಂಡ ಕೂಡಲೇ ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆ ತಾಯಿಗೆ ಮನೆಯ ಅಳತೆ ಗೊತ್ತಿತ್ತು. ಅಳತೆ ಗೊತ್ತಿಲ್ಲದವರಿಗೆ ಹೆಚ್ಚು ಯಾವುದು, ಕಡಿಮೆ ಯಾವುದು? ಕಾಯಕದ ಶುದ್ಧಿಗೆ ಮನಸ್ಸು ಒಳ್ಳೆಯದಿದ್ದರೆ ಸಾಲದು, ಲೆಕ್ಕವೂ ಬೇಕು.

ಅಂಗಡಿಯಿಟ್ಟ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ರಾತ್ರಿ ಬಾಗಿಲು ಮುಚ್ಚುವ ಮುನ್ನ ಕಾಲು ಗಂಟೆ ಕುಳಿತು, ನಿಮಗೆ ತಿಳಿದ ಭಾಷೆಯಲ್ಲಿ, ನಿಮ್ಮ ಕೈಯಾರೆ ಆ ದಿನದ ಲೆಕ್ಕವನ್ನು ಬರೆಯಿರಿ. ಅಂಗಡಿಯ ಹಣಕ್ಕೂ ಮನೆಯ ಹಣಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆಗಳಿರಲಿ. ತಿಳಿಯದ ಕಾಗದವನ್ನು ಓದಿಸಿಕೊಂಡು ಸಹಿ ಹಾಕಿ.

ಬೆಳಗಿನ ಜಾವ ನಾವು ಎದ್ದಾಗ ಹಾಲಿನ ವಾಹನ ಬಂದು ನಿಂತಿತ್ತು. ತಂಗಿ ಹಣೆಗೆ ವಿಭೂತಿ ಧರಿಸಿ, ಕ್ರೇಟುಗಳನ್ನು ಎಣಿಸಿ, ಪುಸ್ತಕದಲ್ಲಿ ಮೊದಲ ಸಾಲು ಬರೆದಳು. ನಾವು ಶರಣು ಹೇಳಿ ತುಮಕೂರಿನ ಬಸ್ಸು ಹತ್ತಿದೆವು.