ಬಂಡಿ ಮಲಗುವ ಜಾಗ

ಬಂಗಾರಪೇಟೆಯ ನಮ್ಮ ಬೀದಿಯು ಅಗಲವಾದುದಲ್ಲ; ಎದುರುಬದುರು ಮನೆಯವರು ತಂತಮ್ಮ ಜಗುಲಿಯ ಮೇಲೆ ಕುಳಿತೇ ಮಾತನಾಡಬಹುದು. ಹಗಲೆಲ್ಲ ಅದು ಬೀದಿಯೇ ಸರಿ. ದೀಪ ಹಚ್ಚುವ ಹೊತ್ತಾಯಿತೆಂದರೆ ಮಾತ್ರ ಅದು ಕೊಟ್ಟಿಗೆಯಾಗುತ್ತಿದ್ದಿತು. ಟೊಮೇಟೊ ಸಾಗಿಸುವ ಒಂದು ಲಾರಿಯೂ, ಯಾತ್ರಿಕರನ್ನು ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೂ ತಿರುಪತಿಗೂ ಕರೆದೊಯ್ಯುವ ಒಂದು ವ್ಯಾನೂ ಮನೆಗಳ ಮುಂದೆ ಸಾಲಾಗಿ ನಿಂತು ಬೆಳಗಿನವರೆಗೆ ನಿದ್ರಿಸುತ್ತಿದ್ದವು.

ಕಳೆದ ಮಾಗಿಯ ಒಂದು ರಾತ್ರಿ ನನ್ನ ಮನೆಯಾಕೆಗೆ ಉಸಿರು ಕಟ್ಟಿತು. 108ರ ವಾಹನವು ಬೇಗನೆ ಬಂದಿತು. ಆದರೆ ಬೀದಿಯ ತಲೆಯಲ್ಲಿಯೇ ನಿಂತಿತು. ಲಾರಿಯನ್ನು ತೆಗೆಯಬೇಕಾದರೆ ಹಿಂದಿನ ವ್ಯಾನನ್ನು ಮೊದಲು ತೆಗೆಯಬೇಕು. ವ್ಯಾನಿನವನು ಬೀಗದಕೈಯೊಡನೆ ಬೇರೆ ಕೇರಿಯಲ್ಲಿ ಮಲಗಿದ್ದನು. ಆಕೆಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ನಡೆದರು. ಕುರ್ಚಿಗೆ ಮೊದಲು ಕೈಕೊಟ್ಟವನು ಲಾರಿಯ ಒಡೆಯನೇ. ದೈವಕೃಪೆಯಿಂದ ಆಕೆ ಬದುಕಿದಳು.

ಮರುದಿನ ನಾನು ಪುರಸಭೆಗೆ ಅರ್ಜಿ ಬರೆಯಲು ಕುಳಿತೆನು. ಪಾಠಶಾಲೆಯಲ್ಲಿ ಓದಿದವನಾದುದರಿಂದ ಮೊದಲು ನೆನಪಾದುದು ಕೌಟಿಲ್ಯನೇ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರವು ರಥ ಓಡುವ ಬೀದಿಗೆ 4 ದಂಡ, ರಾಜಮಾರ್ಗಕ್ಕೆ 8 ದಂಡ ಅಗಲವಿರಬೇಕೆಂದು ಗೊತ್ತುಮಾಡಿದೆ. ದಾರಿಯನ್ನು ತಡೆದವರಿಗೂ ದಂಡವುಂಟು. ಅಳತೆಯ ದಂಡ ತಪ್ಪಿದಲ್ಲಿ ಶಿಕ್ಷೆಯ ದಂಡವು ಬರುವುದೆಂದು ಮಕ್ಕಳಿಗೆ ನಾನೇ ಹೇಳಿ ನಗಿಸುತ್ತಿದ್ದೆನು. ಇಂದಿನ ಕಾನೂನೂ ಮೂಕವಲ್ಲ. 1988ರ ಮೋಟಾರು ವಾಹನ ಕಾಯಿದೆಯ 122ನೆಯ ಕಲಮು ಇತರರಿಗೆ ಅಪಾಯವೋ ಅಡ್ಡಿಯೋ ಆಗುವಂತೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಿಡಕೂಡದೆನ್ನುತ್ತದೆ. 127ನೆಯದು, ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ನೋಡುವವರಿಲ್ಲದೆ ಬಿಟ್ಟ ವಾಹನವನ್ನು ಎಳೆದೊಯ್ಯಿಸಲು ಪೊಲೀಸರಿಗೆ ಅಧಿಕಾರ ಕೊಡುತ್ತದೆ. ಇವನ್ನೆಲ್ಲ ಬರೆದೆನು. ಕೊನೆಗೆ ಲಾರಿಯ ನಂಬರನ್ನು ಬರೆಯುವಲ್ಲಿ ಲೇಖನಿಯು ನಿಂತುಬಿಟ್ಟಿತು.

ಲಾರಿಯವನು ನನ್ನ ಶಿಷ್ಯನು. ಅವನ ತಂದೆಯು ಚಾಂಪಿಯನ್ ರೀಫ್ಸಿನ ಗಣಿಯಲ್ಲಿ ಇಳಿದು ದುಡಿದವನು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದುವಷ್ಟೆ. ಆ ಮೇಲೆ ಸಾವಿರಾರು ಮಂದಿ ಮಾರಿಕುಪ್ಪದ ರೈಲು ಹತ್ತಿ ಬೆಂಗಳೂರಿನ ಕೂಲಿಗೆ ಹೊರಟರು. ಈ ತಂದೆಯು ಕೈಗೆ ಬಂದ ಹಣದಲ್ಲಿ ಹಳೆಯ ಲಾರಿಯೊಂದನ್ನು ಕೊಂಡನು. ಮಗನಿಗೆ ಅದೇ ಹೊಲ, ಅದೇ ಮನೆ.

ಅವನನ್ನೇ ಕರೆದು ಕೇಳಿದೆನು. "ಮೇಷ್ಟ್ರೇ, ನಿಮ್ಮ ಮಾತು ಮೀರೋದಿಲ್ಲ. ಆದರೆ ಊರಾಚೆ ಬಿಟ್ಟರೆ ಡೀಸೆಲು ಇರೋಲ್ಲ, ಬ್ಯಾಟರಿ ಇರೋಲ್ಲ. ಎಲ್ಲಿ ಬಿಡಲಿ, ನೀವೇ ಹೇಳಿ," ಎಂದನು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಶ್ನೆ ಕೇಳಿದ ನಾನು ಆ ದಿನ ಉತ್ತರವಿಲ್ಲದೆ ಕುಳಿತೆನು.

ನಮ್ಮ ಹಿಂದಿನವರಿಗೆ ಉತ್ತರವು ತಿಳಿದಿದ್ದಿತು. ಮೈಸೂರು ಸೀಮೆಯ ಊರೂರ ಹೊರಗೂ ಗುಂಡುತೋಪುಗಳಿದ್ದುವು. ದೂರದ ಗಾಡಿಯವರು ಅಲ್ಲಿ ನೊಗ ಇಳಿಸಿ, ಎತ್ತಿಗೆ ನೀರು ತೋರಿಸಿ, ನೆರಳಿನಲ್ಲಿ ಒಲೆ ಹೂಡುತ್ತಿದ್ದರು. ಊರ ಬೀದಿಯಲ್ಲಿ ಬಂಡಿ ಬಿಡಬೇಡವೆನ್ನುವ ಮೊದಲೇ ಬಿಡುವ ಜಾಗವನ್ನು ತೋರಿಸಿದ್ದರು. ಹೊಸ ಕಾಯಿದೆಯಲ್ಲಿಯೂ ಇದೇ ಕ್ರಮವೆಂಬುದನ್ನು ನಾನು ಆಮೇಲೆ ಕಂಡೆನು. ವಾಹನ ನಿಲ್ಲುವ ಸ್ಥಳಗಳನ್ನು ಸ್ಥಳೀಯ ಸಂಸ್ಥೆಯೊಡನೆ ಆಲೋಚಿಸಿ ಗೊತ್ತುಮಾಡುವ ಮಾತು 117ನೆಯ ಕಲಮಿನಲ್ಲಿದೆ; ನಿಷೇಧವೂ ಎಳೆದೊಯ್ಯುವಿಕೆಯೂ ಅದರ ತರುವಾಯ. 1961ರ ನಗರ ಯೋಜನೆಯ ಕಾಯಿದೆಯು ವಾಸಕ್ಕೆ, ವ್ಯಾಪಾರಕ್ಕೆ, ಕೈಗಾರಿಕೆಗೆ ಬೇರೆ ಬೇರೆ ನೆಲವನ್ನು ವಿಂಗಡಿಸಲು ದಾರಿ ಮಾಡಿದೆ. ಆ ನಕ್ಷೆಯಲ್ಲಿ ಬಂಡಿ ಮಲಗುವುದಕ್ಕೂ ಒಂದು ಬಣ್ಣವಿರಬೇಡವೆ? ವಿಧಿಯಿಲ್ಲದ ನಿಷೇಧವು ಬಡವನ ಮೇಲೆ ಹೊರಿಸಿದ ಹೊರೆಯಾಗುವುದು. ಹಾಗೆಂದು ಬೀದಿಯನ್ನು ಅವನಿಗೆ ಬಿಟ್ಟುಕೊಡಲೂ ಆಗದು. ನನ್ನ ಮನೆಯಾಕೆಯ ಉಸಿರು ಆ ಬೀದಿಯಲ್ಲಿಯೇ ಹಾದುಹೋಗಬೇಕಾಗಿದ್ದಿತು.

ಮೊದಲಿನ ಅರ್ಜಿಯನ್ನು ಹರಿದು ಮತ್ತೊಂದನ್ನು ಬರೆದೆನು. ಊರಂಚಿನಲ್ಲಿ ದೀಪವೂ ಕಾವಲುಗಾರನೂ ಇರುವ ಒಂದು ತಂಗುದಾಣ ಬೇಕು; ಅದಾದ ದಿನದಿಂದ ಕಿರುಬೀದಿಗಳಲ್ಲಿ ರಾತ್ರಿ ಲಾರಿ, ವ್ಯಾನುಗಳು ನಿಲ್ಲಕೂಡದು. ಮೊದಲನೆಯ ರುಜು ಲಾರಿಯವನದು, ಎರಡನೆಯದು ವ್ಯಾನಿನವನದು, ಮೂರನೆಯದು ನನ್ನದು. ಅರ್ಜಿಯು ಈಗ ರುಜುಗಳಿಗಾಗಿ ಮನೆಮನೆ ತಿರುಗುತ್ತಲಿದೆ.

ಶಿಷ್ಯನು ಮಾತ್ರ ತಂಗುದಾಣಕ್ಕಾಗಿ ಕಾಯಲಿಲ್ಲ. ಆ ವಾರದಿಂದಲೇ ಲಾರಿಯನ್ನು ಊರಾಚೆ ಬಿಟ್ಟು ನಡೆದು ಬರುತ್ತಾನೆ. ಎಂಟೇ ದಿನಗಳಲ್ಲಿ ಬ್ಯಾಟರಿ ಕಳುವಾಯಿತು. ಅರ್ಧ ಹಣವನ್ನಾದರೂ ತೆಗೆದುಕೊಳ್ಳೆಂದು ನಾನು ಹೋದರೆ, ಅವನು ಒಲ್ಲೆನೆಂದು ಕೈಮುಗಿದನು. ಈಗ ನಮ್ಮ ಬೀದಿಯು ರಾತ್ರಿಯಲ್ಲಿಯೂ ತೆರವಾಗಿದೆ. ಆದರೆ ಅದಕ್ಕೆ ಬೆಲೆ ತೆತ್ತವನು ಒಬ್ಬನೇ ಎಂಬುದನ್ನು ನೆನೆದಾಗ, ಆ ಬಯಲಾದ ಬೀದಿಯನ್ನು ನೋಡಿ ನನಗೆ ನೆಮ್ಮದಿಯಾಗದು.